ಎಲ್ಲರಿಗೂ ಬೇರೆ ತಾಟು

ಪದ್ಮವ್ವನ ಮನೆಯಲ್ಲಿ ಕಾನೂನು ಅಂತ ಇದ್ದದ್ದು ಒಂದೇ. ಯಾರಿಗೂ ಬೇರೆ ತಾಟಿಲ್ಲ, ಬೇರೆ ಗ್ಲಾಸಿಲ್ಲ. ಅಡುಗೆಮನೆಯ ಹಲಗೆಯ ಮೇಲಿಂದ ಕೈಗೆ ಯಾವುದು ಸಿಕ್ಕಿತೋ ಅದರಲ್ಲಿ ಉಣ್ಣಬೇಕು. ಬಂದ ಬೀಗರಾಗಲಿ, ಮೀಟರು ಓದಲು ಬಂದವನಾಗಲಿ, ಮನೆಯೊಡತಿಯೇ ಆಗಲಿ, ಎಲ್ಲರಿಗೂ ಅದೇ ಸಾಲು. ಗಂಡ ಸಿದ್ರಾಮ ರಸ್ತೆ ಗ್ಯಾಂಗಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದವನು, ಹೊಸ್ತಿಲು ದಾಟುತ್ತಲೇ ಈ ಕಾನೂನು ಹಾಕಿದ. ಅವನು ತೀರಿಕೊಂಡಾಗ ಯಮಕನಮರಡಿಯ ಹೆದ್ದಾರಿ ಬದಿಯ ಪ್ಲಾಟಿನಲ್ಲಿ ಒಂದು ಮನೆ, ಲೈನ್‌ಮನ್ ಆಗಿರುವ ಮಗ ರಾಹುಲ, ಮತ್ತು ಈ ಕಾನೂನು ಉಳಿದವು. ಮನೆಗೂ ಮಗನಿಗೂ ಆಗಾಗ ರಿಪೇರಿ ಬೇಕಾಗುತ್ತದೆ. ಕಾನೂನು ಮಾತ್ರ ಗಟ್ಟಿಯಾಗಿತ್ತು.

ಅದು ಗಟ್ಟಿಯಾಗಿರಲು ಕಾರಣವೂ ಇತ್ತು. ಪದ್ಮವ್ವ ಕೌಜಲಗಿಯಲ್ಲಿ ಹುಡುಗಿಯಾಗಿದ್ದಾಗ ಚಾದಂಗಡಿಯ ಹಿಂಗೋಡೆಯ ಗೂಡಿನಲ್ಲಿ ಕಿವಿ ಮುರಿದ ಒಂದು ಕಪ್ಪು ಇರುತ್ತಿತ್ತು. ಅದು ಅವರ ಓಣಿಯವರ ಕಪ್ಪು. ಕುಡಿಯಬೇಕು, ತಾವೇ ತೊಳೆಯಬೇಕು, ಮತ್ತೆ ಅಲ್ಲೇ ಇಡಬೇಕು. ಮೇಲವಂಕಿಯ ಗೌಡರ ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋದರೆ ನೀರು ಮೇಲಿನಿಂದ ಬೊಗಸೆಗೆ ಬೀಳುತ್ತಿತ್ತು. ಸೆರಗು ಪೂರ್ತಿ ತೋಯುತ್ತಿತ್ತು, ನೀರಡಿಕೆ ಅರ್ಧ ಮಾತ್ರ ಹೋಗುತ್ತಿತ್ತು. ಇದನ್ನೆಲ್ಲ ಅವಳು ಅಳುತ್ತ ಹೇಳುವವಳಲ್ಲ. ಜಳಕ ಮಾಡಿಸುವ ಪುಣ್ಯವಂತರು ಅಂತ ಆ ಗೌಡರ ಮನೆಯವರನ್ನು ಅಣಕಿಸಿ ನಗಿಸುತ್ತಾಳೆ. ನಕ್ಕವರು ಆಮೇಲೆ ಸುಮ್ಮನಾಗುತ್ತಾರೆ.

ಪಕ್ಕದ ಮನೆಯ ಭರಮವ್ವ ಮಾತ್ರ ಈ ಕಥೆ ಕೇಳಿ ಸುಮ್ಮನಾಗುತ್ತಿರಲಿಲ್ಲ. "ಆ ಕಾಲ ಹೋತ ಬಿಡ ಪದ್ಮವ್ವಾ, ಈಗ ಯಾರ ಮಾಡ್ತಾರ ಅದನ್ನ?" ಅನ್ನುತ್ತಿದ್ದಳು. ಭರಮವ್ವ ಒಕ್ಕಲುತನದ ಮನೆಯವಳು, ಒಳ್ಳೆಯವಳು. ಕಷ್ಟಕ್ಕೆ ಆಗುವವಳು, ಸಿದ್ರಾಮ ಸತ್ತಾಗ ಮೂರು ದಿನ ಅಂಗಳದಲ್ಲೇ ಕೂತಿದ್ದವಳು. ಆದರೆ ನೆರೆಹೊರೆಯಾಗಿ ಹತ್ತು ವರ್ಷ ದಾಟಿದರೂ ಪದ್ಮವ್ವನ ಮನೆಯ ಚಾ ಅವಳ ಗಂಟಲಿಗೆ ಇಳಿದಿರಲಿಲ್ಲ. ಒಂದು ದಿನ ಸೋಮವಾರದ ಉಪವಾಸ, ಇನ್ನೊಂದು ದಿನ ಪಿತ್ತ, ಮತ್ತೊಂದು ದಿನ ಸಕ್ಕರೆ ರೋಗ. ಸಕ್ಕರೆ ಹಾಕದೆ ಕೊಡುತ್ತೇನೆ ಅಂದರೆ, ಸಕ್ಕರೆ ಇಲ್ಲದ ಚಾ ಯಾರು ಕುಡಿಯುತ್ತಾರೆ ಅನ್ನುತ್ತಿದ್ದಳು. ಪದ್ಮವ್ವ ಒಂದು ದಿನವೂ ಮುಖ ಕೆಡಿಸಿಕೊಳ್ಳಲಿಲ್ಲ. ಬದಲಿಗೆ ಭರಮವ್ವ ಬಂದಾಗಲೆಲ್ಲ ಶುಂಠಿ ಜಜ್ಜಿ, ಹಾಲು ದಪ್ಪಗೆ ಹಾಕಿ, ವಾಸನೆ ಓಣಿಗೆಲ್ಲ ಹರಡುವ ಹಾಗೆ ಚಾ ಕುದಿಸುತ್ತಿದ್ದಳು. ಇವತ್ತು ಯಾವ ರೋಗ ಬರುತ್ತದೆ ನೋಡೋಣ ಅನ್ನುವುದೇ ಅವಳಿಗೊಂದು ಮೋಜು. ಬಡವರಿಗೆ ಟಿಕೆಟ್ಟಿಲ್ಲದ ಆಟಗಳು ಇಂಥವೇ.

ಇಂಥ ಮನೆಗೆ ಬೇರೆ ತಾಟು ಬಂದದ್ದು ಸೊಸೆ ಆಮ್ರಪಾಲಿಯ ಕುತ್ತಿಗೆಯ ದೆಸೆಯಿಂದ.

ಆಮ್ರಪಾಲಿ ಹುಕ್ಕೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮದುವೆಯಾದಾಗ ತುಂಬಿದ ಮೈಯ ಹುಡುಗಿ. ನಾಲ್ಕು ವರ್ಷದಲ್ಲಿ ಸೊರಗಿ ಕಡ್ಡಿಯಾದಳು. ಹಸಿವೆಗೇನೂ ಕೊರತೆ ಇರಲಿಲ್ಲ, ಉಂಡದ್ದೆಲ್ಲ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ತಿಂಗಳದ್ದು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಎರಡು ಸಲ ಬಸಿರು ನಿಂತಂತೆ ನಿಂತು ಇಳಿದುಹೋಗಿತ್ತು. ಓಣಿಯವರು ಅದಕ್ಕೆ ತಲೆಗೊಂದು ಕಾರಣ ಹೇಳಿದರು. ಕಲಿತ ಹೆಂಗಸಿನ ಗರ್ಭದಲ್ಲಿ ಉಷ್ಣ ಜಾಸ್ತಿ ಅನ್ನುವುದು ಅದರಲ್ಲಿ ತೀರ ಮೆದುವಾದದ್ದು. ಕೊನೆಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ, ಗೋಕಾಕದ ಕಡೆಯ ಒಬ್ಬ ಹೆಣ್ಣುಮಗಳು ಡಾಕ್ಟರು ಅತ್ತೆ ಸೊಸೆಯರಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ಅಜ್ಜೀ, ಕುತ್ತಿಗ್ಯಾಗ ಥೈರಾಯ್ಡ್ ಅಂತ ಒಂದ ಗ್ರಂಥಿ ಇರತೈತಿ. ಇವರದು ಹುಚ್ಚ ಕುದರಿ ಓಡಿದಂಗ ಓಡಾಕತ್ತೈತಿ. ಇದು ಓಡಿದ್ರ ಗರ್ಭದ ಹಾರ್ಮೋನೂ ದಾರಿ ತಪ್ಪತಾವು. ಅದಕ್ಕ ತಿಂಗಳದ್ದು ಸರಿ ಆಗವಲ್ದು, ಬಸರ ನಿಲ್ಲವಲ್ದು. ಗುಳಗಿ ಕೊಟ್ಟು ನೋಡಿದ್ವಿ, ಮೈಗೆ ಹಿಡೀಲಿಲ್ಲ. ಈಗ ಇನ್ನೊಂದ ಗುಳಗಿ ಐತಿ. ಒಂದ ಸಲ ನುಂಗಿದ್ರ ಸಾಕು. ಅದರಾಗ ವಿಕಿರಣದ ಅಯೋಡಿನ್ ಇರತೈತಿ, ಆ ಗ್ರಂಥಿನ ಒಳಗಿಂದನ ಸುಡತೈತಿ."

"ವಿಕಿರಣ ಅಂದ್ರ ಆ ಅಣುಬಾಂಬಿಂದೇನ್ರಿ?"

"ಅದರ ದೂರದ ಬಳಗ ಅನ್ರಿ. ನಾವು ಕೆಲಸಕ್ಕ ಹಚ್ಚೇವಿ."

"ಇದನ್ನ ನುಂಗಿದ್ರ ಮಕ್ಕಳಾಗೂದ ನಿಂತ ಹೋದ್ರ?"

"ಇಷ್ಟ ಸಣ್ಣ ಪ್ರಮಾಣಕ್ಕ ಹಂಗ ಆಗೂದಿಲ್ರಿ ಅಜ್ಜಿ. ಒಂದೆರಡ ತಿಂಗಳ ಹಿಂದ ಮುಂದ ಆಗಬಹುದು, ಆಮ್ಯಾಲ ಸರಿ ಹೋಗತೈತಿ. ಆರ ತಿಂಗಳ ಮಾತ್ರ ಬಸರಾಗಬಾರದು. ಇದು ಮಕ್ಕಳಾಗಲಿ ಅಂತ ಕೊಡೂದು, ಆಗಬಾರದು ಅಂತಲ್ಲ."

ಇಲ್ಲಿಯವರೆಗೆ ಪದ್ಮವ್ವ ತಲೆಯಾಡಿಸುತ್ತಿದ್ದಳು. ಡಾಕ್ಟರು ಮುಂದುವರಿಸಿದಳು. ನುಂಗಿದ ಮೇಲೆ ಆ ವಿಕಿರಣ ಕೆಲವು ದಿನ ಬೆವರಿನಲ್ಲಿ, ಉಗುಳಿನಲ್ಲಿ, ಉಚ್ಚೆಯಲ್ಲಿ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ. ದೊಡ್ಡವರಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಸಣ್ಣ ಮಕ್ಕಳು, ಬಸುರಿಯರು ಮಾತ್ರ ಮೂರು ವಾರ ಹತ್ತಿರ ಸುಳಿಯಬಾರದು. ಹೊಟ್ಟೆಯೊಳಗಿನ ಕೂಸಿನ ಕುತ್ತಿಗೆಯಲ್ಲೂ ಅಂಥದೇ ಗ್ರಂಥಿ ಇರುತ್ತದೆ, ತಾಯಿ ನುಂಗಿದ್ದನ್ನು ಅದು ಹೀರಿಕೊಳ್ಳುತ್ತದೆ.

"ಬಸರ ಅದಾರಂತ ಗೊತ್ತಿದ್ದವರು ಹೆಂಗೂ ದೂರ ಇರತಾರ. ಗೊತ್ತಿಲ್ಲದವರದ್ದ ನಮಗ ಚಿಂತಿ," ಅಂದಳು ಡಾಕ್ಟರು. "ಹಾಸಿಗಿ ಬ್ಯಾರೆ. ತಾಟು, ಗ್ಲಾಸು ಬ್ಯಾರೆ. ಅವರ ಎಂಜಲ ಯಾರೂ ಮುಟ್ಟಬಾರದು."

ಪದ್ಮವ್ವ ಎದ್ದು ನಿಂತಳು. "ತಾಟ ಬ್ಯಾರೆ ಆಗೂದಿಲ್ರಿ," ಅಂದಳು.

"ಯಾಕ ಅಜ್ಜಿ?"

"ನಮ್ಮ ಮನ್ಯಾಗ ಕಾನೂನ ಐತ್ರಿ."

ಡಾಕ್ಟರು ಆಮ್ರಪಾಲಿಯ ಮುಖ ನೋಡಿದಳು. ಆಮ್ರಪಾಲಿ ಗೋಡೆ ನೋಡಿದಳು. ಅಣುವಿನ ಕಾನೂನನ್ನು ಪುಸ್ತಕದಲ್ಲಿ ಕಲಿಸಬಹುದು, ಅತ್ತೆಯ ಕಾನೂನಿಗೆ ಪಠ್ಯವಿಲ್ಲ.

ಗುಳಿಗೆ ನುಂಗಿ ಬಂದ ಸಂಜೆ ರಾಹುಲ ಹೆಂಡತಿಯ ತಾಟಿಗೆ ಕೆಂಪು ಬಣ್ಣದ ಗುರುತು ಹಾಕಲು ಕೂತ. ಪದ್ಮವ್ವ ಅದನ್ನು ಕಸಿದುಕೊಂಡಳು. ಗಂಡನ ಫೋಟೋದ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಆಮ್ರಪಾಲಿ ಬಾಗಿಲ ಆಚೆ, ಎರಡು ಮಾರು ದೂರ, ಕೈ ಕಟ್ಟಿ ನಿಂತಿದ್ದಳು. ಪದ್ಮವ್ವನೂ ಎಷ್ಟೋ ಅಂಗಳಗಳಲ್ಲಿ ಹಾಗೇ ನಿಂತವಳು.

"ಒಬ್ಬಾಕಿಗಿ ಬ್ಯಾರೆ ತಾಟ ಇಡಾಕ ನಾ ಜೀವ ಇರೂ ತನಕ ಒಪ್ಪೂದಿಲ್ಲ," ಅಂದಳು. "ಇಡೂದಾದ್ರ ಎಲ್ಲಾರಿಗೂ ಬ್ಯಾರೆ ಇಡ್ರಿ."

ಮರುದಿನ ತಾನೇ ಪೇಟೆಗೆ ಹೋಗಿ ಸ್ಟೀಲಿನ ಮೂರು ಹೊಸ ತಾಟು, ಮೂರು ಗ್ಲಾಸು ತಂದಳು. ಎಲ್ಲದರ ಮೇಲೂ ಮಿಷನ್ನಿನಿಂದ ಹೆಸರು ಕೊರೆಸಿದಳು. ಹೆಸರು ಕೊರೆಯುವ ಅಂಗಡಿಯವನು, "ಏನ್ರಿ ಆಯಿ, ಮನ್ಯಾಗ ಪಾಲ ಆತೇನ್ರಿ?" ಎಂದು ಕೇಳಿದ. "ಹೌದಪಾ, ಹೊಲ ಇಲ್ಲಲ್ಲ, ತಾಟನ ಹಂಚಗೊಂಡ್ವಿ," ಅಂದಳು. ಅಂದಿನಿಂದ ಆ ಮನೆಯಲ್ಲಿ ತಾಯಿ, ಮಗ, ಸೊಸೆ ಮೂವರೂ ಮೂರು ಮೂಲೆಯಲ್ಲಿ ಕೂತು ತಮ್ಮ ತಮ್ಮ ಹೆಸರಿನ ತಾಟಿನಲ್ಲಿ ಉಣ್ಣತೊಡಗಿದರು. ಯಾರನ್ನೂ ದೂರ ಇಟ್ಟಂತಾಗಲಿಲ್ಲ, ಎಲ್ಲರೂ ಎಲ್ಲರಿಂದಲೂ ದೂರವಾದರು. ರಾಹುಲನಿಗೆ ಇದು ತಲೆಗೆ ಹತ್ತಲಿಲ್ಲ. ಆದರೆ ಅವನು ದಿನವಿಡೀ ಕಂಬ ಹತ್ತುವವನು, ಕರೆಂಟು ಮತ್ತು ಅವ್ವ ಎರಡರ ಜೊತೆಗೂ ವಾದ ಮಾಡಬಾರದು ಅನ್ನುವಷ್ಟು ಬುದ್ಧಿ ಇತ್ತು.

ಎರಡು ದಿನ ಕಳೆದ ಮೇಲೆ ಆಮ್ರಪಾಲಿ ಕಿಟಕಿಯಿಂದ ನೋಡುತ್ತಾಳೆ, ಅತ್ತೆ ಹಿತ್ತಿಲಲ್ಲಿ ಕೂತು ಮೂರೂ ತಾಟು, ಮೂರೂ ಗ್ಲಾಸು ಒಂದೇ ಬೋಗುಣಿಯಲ್ಲಿ ಮುಳುಗಿಸಿ ಒಂದೇ ನಾರಿನಿಂದ ಹಾಯಾಗಿ ತಿಕ್ಕುತ್ತಿದ್ದಾಳೆ.

"ಅತ್ತೀ! ತಾಟ ಬ್ಯಾರೆ ಮಾಡಿ, ನೀರ ಒಂದ ಮಾಡಿದ್ರ ಏನ್ ಬಂತ್ರಿ?"

ಪದ್ಮವ್ವ ಬೋಗುಣಿ ನೋಡಿದಳು, ಕೈ ನೋಡಿಕೊಂಡಳು. "ಬ್ಯಾರೆ ಇಡೂದ ನಮಗ ರೂಢಿ ಇಲ್ಲ ನೋಡವಾ," ಅಂದಳು. "ಇಡಿಸಿಕೊಂಡ ಗೊತ್ತೈತಿ ಅಷ್ಟ."

ಅತ್ತೆ ಸೊಸೆ ಇಬ್ಬರೂ, ಒಬ್ಬಳು ಹಿತ್ತಿಲಲ್ಲಿ, ಒಬ್ಬಳು ಕಿಟಕಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬೋಗುಣಿಗಳೂ ಮೂರಾದವು.

ಇನ್ನು ಓಣಿಯ ಮಾತು. ಟೀಚರ್ ಶಾಲೆಗೆ ಹೋಗುತ್ತಿಲ್ಲ, ಹೊರಗೆ ಬರುತ್ತಿಲ್ಲ, ಮನೆಯೊಳಗೆ ಹೆಸರಿನ ತಾಟು ಬಂದಿವೆ. ಇಷ್ಟು ಸಾಕು. ಹಾಲು ಹಾಕುವ ಸುಂದ್ರವ್ವ ಒಂದು ಬೆಳಿಗ್ಗೆ ಚರಿಗೆ ಕೆಳಗಿಟ್ಟು ಕೇಳಿಯೇ ಬಿಟ್ಟಳು. "ಏನಾಗೇತ್ರಿ ಟೀಚರಿಗೆ? ಕ್ಷಯ ಏನ್ರಿ?"

ಪದ್ಮವ್ವನಿಗೆ ಸಿಟ್ಟು ನೆತ್ತಿಗೇರಿತು. ಕ್ಷಯ ಅಂದರೆ ಮುಗಿಯಿತು, ಮೂರು ವಾರವಲ್ಲ ಮೂವತ್ತು ವರ್ಷ ಅಂಟಿಕೊಳ್ಳುವ ಮಾತು. ಥೈರಾಯ್ಡು, ಅಯೋಡಿನ್ನು ಅನ್ನುವುದನ್ನೆಲ್ಲ ಹಾಲಿನವಳಿಗೆ ಹೇಳಿ ತಿಳಿಸುವಷ್ಟು ಅವಳಿಗೇ ತಿಳಿದಿರಲಿಲ್ಲ. ತಿಳಿದಷ್ಟನ್ನು ಹೇಳಿದಳು. "ಕ್ಷಯ ಇಲ್ಲ ಏನೂ ಇಲ್ಲ. ಮಕ್ಕಳಾಗಾಕ ಔಷಧ ತಗೊಂಡಾಳ. ಭಾಳ ತೇಜದ ಔಷಧ ಅದು. ಬೆವರಿನಾಗ, ಉಗುಳಿನಾಗ ಸುದ್ಧಾ ಬರತೈತಿ. ಅದಕ್ಕ ದೂರ ಇರ್ರಿ ಅಂತ ಹೇಳ್ಯಾರ."

ಪ್ರತಿಯೊಂದು ಮಾತೂ ಖರೆ. ಅದೇ ತಪ್ಪಾಯಿತು. ಸುಂದ್ರವ್ವ ಹಾಲಿನ ಜೊತೆ ಆ ಮಾತನ್ನೂ ಮನೆಮನೆಗೆ ಅಳೆದು ಹಾಕಿದಳು, ಹಾಲಿಗಾದರೆ ನೀರು ಬೆರೆಸುತ್ತಿದ್ದಳು, ಇದಕ್ಕೆ ಬೆಲ್ಲ ಬೆರೆಸಿದಳು. ಓಣಿಯ ಕೊನೆಯ ಮನೆ ಮುಟ್ಟುವ ಹೊತ್ತಿಗೆ ಸುದ್ದಿಗೆ ಬೇರೆಯೇ ರೂಪ ಬಂದಿತ್ತು. ಬೆಳಗಾವಿಯಲ್ಲಿ ಬಂಜೆತನಕ್ಕೆ ಒಂದು ಗುಳಿಗೆ ಬಂದಿದೆಯಂತೆ, ಭಾರೀ ತುಟ್ಟಿಯಂತೆ. ಅದು ಎಷ್ಟು ಜಬರ್ದಸ್ತು ಅಂದರೆ ನುಂಗಿದವಳ ಎಂಜಲಿನಲ್ಲೂ ಅದರ ಗುಣ ಇಳಿಯುತ್ತದಂತೆ. ಅದಕ್ಕೇ ಪದ್ಮವ್ವ ಸೊಸೆಯ ಗ್ಲಾಸಿಗೆ ಹೆಸರು ಕೊರೆಸಿದ್ದಾಳೆ, ಯಾರೂ ಕದ್ದು ಕುಡಿಯಬಾರದು ಅಂತ.

ಭರಮವ್ವನ ಸೊಸೆ ಶೋಭಾ ಮದುವೆಯಾಗಿ ಬಂದು ಐದು ವರ್ಷವಾಗಿತ್ತು. ಆ ಹುಡುಗಿಗೂ ತಿಂಗಳ ಲೆಕ್ಕ ಸರಿಯಿರಲಿಲ್ಲ, ಮಡಿಲೂ ತುಂಬಿರಲಿಲ್ಲ. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಮನೆಯಲ್ಲಿ ಪಿಸುದನಿಯಿಂದ ಸಾಧಾರಣ ದನಿಗೆ ಬಂದಿತ್ತು.

ಆ ದಿನ ಹೊತ್ತು ಏರಿತ್ತು. ರಾಹುಲ ಕೆಲಸಕ್ಕೆ ಹೋಗಿದ್ದ. ಆಮ್ರಪಾಲಿ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದವಳು ಅರ್ಧಕ್ಕೇ ಸಾಕಾಗಿ, ಗ್ಲಾಸು ಅಲ್ಲೇ ಬಿಟ್ಟು ತನ್ನ ಕೋಣೆಗೆ ಹೋಗಿ ಮಲಗಿದ್ದಳು. ಪದ್ಮವ್ವ ಗ್ಲಾಸು ತೆಗೆಯಬೇಕು ಅಂತ ಬರುವಷ್ಟರಲ್ಲಿ ಅಂಗಳದಲ್ಲಿ ಭರಮವ್ವ. ಹಿಂದೆ ಶೋಭಾ, ತಲೆಗೆ ಮಿಂದು, ಹೊಸ ಸೀರೆ ಉಟ್ಟು, ದೇವರಿಗೆ ಹೊರಟವಳ ಹಾಗೆ.

"ಪದ್ಮಕ್ಕಾ, ಆರಾಮ ಅದೀರೇನ್ರಿ?" ಅಂದಳು ಭರಮವ್ವ.

ಪದ್ಮವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಪದ್ಮಕ್ಕ ಬಂದಿದ್ದಾರೇನೋ ಅಂತ. ಇಷ್ಟು ವರ್ಷ ಪದ್ಮವ್ವನೇ ಅವಳಿಗೆ ಬರ್ರಿ, ಕೂಡ್ರಿ ಅನ್ನುತ್ತಿದ್ದದ್ದು. ಭರಮವ್ವ ಬಾ, ಹೋಗು ಅಂತಲೇ ಇದ್ದಳು.

ಭರಮವ್ವ ಕಟ್ಟೆಯ ಮೇಲೆ ಕೂತೇ ಬಿಟ್ಟಳು. ಕೂತು, ಪದ್ಮವ್ವನ ಕೈ ಹಿಡಿದಳು. "ನಿಮ್ಮ ಮುಂದ ಏನ ಮುಚ್ಚುಮರಿ? ನನ್ನ ಸೊಸಿ ಹಣೆಬಾರ ನಿಮಗ ಗೊತ್ತೈತಿ. ಬಳಗದವರ ಕಡಿಂದ ಒತ್ತಾಯ ಬರಾಕತ್ತೈತಿ, ಇನ್ನೊಂದ ಹೆಣ್ಣ ನೋಡ್ರಿ ಅಂತ. ನನಗ ಮನಸಿಲ್ರಿ, ಇಕಿ ಚೊಲೊ ಹುಡುಗಿ. ನಿಮ್ಮ ಟೀಚರ ಕುಡದ ಬಿಟ್ಟಿದ್ದು ಒಂದ ಗುಟುಕ ಕೊಟ್ರ ಸಾಕ ನೋಡ್ರಿ. ನಿಮ್ಮ ಉಪಕಾರ ಸತ್ತರೂ ಮರಿಯಾಂಗಿಲ್ಲ."

ಕಟ್ಟೆಯ ಮೇಲೆ ಆಮ್ರಪಾಲಿಯ ಹೆಸರು ಕೊರೆದ ಗ್ಲಾಸಿನಲ್ಲಿ ಅರ್ಧ ಮಜ್ಜಿಗೆ ಇತ್ತು.

ಆ ಗಳಿಗೆಯಲ್ಲಿ ಪದ್ಮವ್ವನಿಗೆ ಆದದ್ದನ್ನು ನೇರವಾಗಿ ಹೇಳಿಬಿಡಬೇಕು. ಅವಳಿಗೆ ಸಂತೋಷವಾಯಿತು. ಎಂಥ ಸಂತೋಷ ಅಂದರೆ ಮೈ ಜುಮ್ಮೆಂದಿತು. ಚಾ ಬೇಡವಾಗಿದ್ದ ಮನೆಯ ಎಂಜಲು ಬೇಕು ಅಂತ ಭರಮವ್ವ ಕೈ ಹಿಡಿದು ಬೇಡುತ್ತಿದ್ದಾಳೆ! ಸಿದ್ರಾಮ ಇದನ್ನು ನೋಡಬೇಕಿತ್ತು, ಕೌಜಲಗಿಯ ಆ ಚಾದಂಗಡಿಯವನು ನೋಡಬೇಕಿತ್ತು, ಬೊಗಸೆಗೆ ನೀರು ಸುರಿದವರೆಲ್ಲ ಸಾಲಾಗಿ ನಿಂತು ನೋಡಬೇಕಿತ್ತು. ಡಾಕ್ಟರು ಹೇಳಿದ್ದು ಆ ಹೊತ್ತಿಗೆ ಅವಳ ನೆನಪಿನಲ್ಲಿ ಎಲ್ಲಿಯೂ ಇರಲಿಲ್ಲ. ಅವಳ ಕೈ ತಾನಾಗಿ ಗ್ಲಾಸಿನ ಕಡೆ ಹೋಯಿತು, ಎತ್ತಿಕೊಂಡಿತು. ಶೋಭಾ ಎರಡೂ ಕೈ ಮುಂದೆ ಚಾಚಿದಳು, ತೀರ್ಥಕ್ಕೆ ಒಡ್ಡಿದ ಹಾಗೆ, ಬೊಗಸೆ ಮಾಡಿ.

ಆ ಬೊಗಸೆ ನೋಡಿ ಪದ್ಮವ್ವನ ಕೈ ತಡೆಯಿತು. ಮುಖ ನೋಡಿದಳು. ಹುಡುಗಿಯ ಮುಖ ಬಿಳಿಚಿತ್ತು, ಹುಳಿ ಮಜ್ಜಿಗೆಯ ವಾಸನೆಗೆ ಮೂಗಿನ ಹೊಳ್ಳೆ ಅರಳಿ, ಗಂಟಲಲ್ಲಿ ಏನೋ ನುಂಗಿಕೊಳ್ಳುತ್ತಿದ್ದಳು.

"ಶೋಭಾ, ನೀ ಹೊರಗಾಗಿ ಎಷ್ಟ ದಿನ ಆತವಾ?"

"ನಂದ ಲೆಕ್ಕ ಇರೂದಿಲ್ರಿ ಆಯಿ. ಎರಡ ತಿಂಗಳಿಗೊಮ್ಮಿ, ಮೂರ ತಿಂಗಳಿಗೊಮ್ಮಿ. ಈ ಸಲ ಯಾವಾಗ ಆಗಿದ್ನೋ ನೆನಪ ಇಲ್ಲ."

ಗೊತ್ತಿಲ್ಲದವರದ್ದೇ ನಮಗೆ ಚಿಂತೆ ಅಂದಿದ್ದಳು ಡಾಕ್ಟರು. ಶೋಭಾಳ ಬೆರಳು ಗ್ಲಾಸಿನ ಅಂಚಿಗೆ ಇನ್ನೇನು ತಾಗಬೇಕು.

"ಮುಟ್ಟಬ್ಯಾಡ! ದೂರ ಸರಿ!"

ಆ ದನಿ ಓಣಿಗೆಲ್ಲ ಕೇಳಿಸಿತು. ಪದ್ಮವ್ವನಿಗೂ ಕೇಳಿಸಿತು, ಕೇಳಿಸಿ ಅವಳೇ ಬೆಚ್ಚಿದಳು. ಅದು ಅವಳ ದನಿಯೇ ಆಗಿರಲಿಲ್ಲ. ಮೇಲವಂಕಿಯ ಹೊಲದ ಬದುವಿನಿಂದ ಅವಳ ಮೇಲೆ ಬೀಳುತ್ತಿದ್ದ ದನಿ ಅದು, ಅದೇ ಏರು, ಅದೇ ಗಡಸು. ಎಲ್ಲಿ ಕೂತಿತ್ತೋ ಇಷ್ಟು ವರ್ಷ. ಅವಳು ಗ್ಲಾಸು ತೆಗೆದುಕೊಂಡು ಬಚ್ಚಲಿಗೆ ಓಡಿ ಮಜ್ಜಿಗೆ ಚೆಲ್ಲಿ, ಎರಡು ಬಿಂದಿಗೆ ನೀರು ಸುರಿದು ಬಂದಳು. ಬರುವಷ್ಟರಲ್ಲಿ ಭರಮವ್ವ ಎದ್ದು ನಿಂತಿದ್ದಳು.

"ನಾ ನಿನ್ನ ಮನಿ ಬಾಗಿಲಿಗಿ ಬಂದ ಬೇಡಿದೆ. ಚೆಲ್ಲಿದೆಲ್ಲ! ನನ್ನ ಸೊಸಿ ಮುಟ್ಟಿದ್ರ ನಿನ್ನ ಗ್ಲಾಸ ಮೈಲಿಗಿ ಆಗತಿತ್ತೇನ?" 'ರಿ' ಬಂದ ದಾರಿಯಲ್ಲೇ ಹೊರಟುಹೋಗಿತ್ತು.

"ಹಂಗಲ್ರಿ ಭರಮವ್ವಾರ. ಅದರಾಗ ವಿಕಿರಣ ಐತ್ರಿ. ಹುಡುಗಿ ಏನರ ಬಸರ ಇದ್ರ ಕೂಸಿಗೆ ತ್ರಾಸ ಆಗತೈತ್ರಿ."

"ಬಸರ ಇದ್ರ ನಿನ್ನ ಎಂಜಲಕ ಯಾಕ ಬರತಿದ್ವಿ? ಮಕ್ಕಳಾಗಾಕ ಔಷಧ ಅಂತ ಓಣಿಗೆಲ್ಲ ಹೇಳಿದಾಕಿ ನೀನ. ಈಗ ಕೂಸಿಗೆ ತ್ರಾಸ ಅನ್ನಾಕಿನೂ ನೀನ. ಎರಡರಾಗ ಯಾವದ ಸುಳ್ಳ?"

ಎರಡೂ ಸುಳ್ಳಾಗಿರಲಿಲ್ಲ. ಭರಮವ್ವ ಸೊಸೆಯ ಕೈ ಹಿಡಿದು ಎಳೆದುಕೊಂಡು ಹೋದಳು. ಶೋಭಾ ಮಾತ್ರ ಒಮ್ಮೆ ಹಿಂತಿರುಗಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ನೋಟ ಪದ್ಮವ್ವನಿಗೆ ತಡೆಯಲಾಗಲಿಲ್ಲ.

ಸಂಜೆಯ ಹೊತ್ತಿಗೆ ತೀರ್ಪು ಬಂತು. ಪದ್ಮವ್ವ ಭರಮವ್ವನ ಸೊಸೆಗೆ ಮುಟ್ಟಬೇಡ ಅಂದಳಂತೆ. ಇಂಥ ಕಾಲ ಬಂತು ನೋಡ್ರಿ! ಓಣಿಯಲ್ಲಿ ಯಾರಿಗೂ ಇದನ್ನು ನಂಬಲಾಗಲಿಲ್ಲ, ಹಾಗಾಗಿ ಎಲ್ಲರೂ ನಂಬಿದರು. ಯಾವ ಮನೆಯ ಹೆಂಗಸರು ಕೊಡ ತಾಗಿತು ಅಂತ ನಳದ ಬಳಿ ಮುಖ ಸಿಂಡರಿಸುತ್ತಿದ್ದರೋ ಅವರೇ ಸಮಾನತೆಯ ಬಗ್ಗೆ ಎರಡೆರಡು ಮಾತು ಆಡಿದರು. ಮರುದಿನ ಓಣಿಯ ಹಿರಿಯ ಸತ್ತೆಪ್ಪನೇ ಬಂದ. ತೂಕದ ಮನುಷ್ಯ, ಜಗಳ ಬಗೆಹರಿಸುವವನು. ಅಂಗಳದಲ್ಲೇ ನಿಂತ. ಒಳಗೆ ಬರ್ರಿ ಅಂದರೆ, ಚಪ್ಪಲಿ ಬಿಚ್ಚಲು ತ್ರಾಸು ಅಂದ. ಬಾಗಿಲಿನಿಂದ ಕಾಣುತ್ತಿದ್ದ ಗೋಡೆಯ ಕಡೆ ಬೆರಳು ಮಾಡಿದ.

"ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಹಾಕ್ಕೊಂಡು ಹಿಂಗ ಮಾಡಿದ್ರ ಹೆಂಗವಾ ಪದ್ಮವ್ವಾ? ಸಂವಿಧಾನ ಏನ್ ಹೇಳೈತಿ? ಮನುಷ್ಯಾ ಮನುಷ್ಯಾನ್ನ ದೂರ ಸರಿ ಅನಬಾರದು. ಅದು ಪಾಪ. ನಿನಗ ನಾವ ತಿಳಿಸಿ ಹೇಳಬೇಕಾ?"

"ತಿಳಿಸಿದ್ರೆಲ್ರಿ, ಚೊಲೊ ಆತು," ಅಂದಳು ಪದ್ಮವ್ವ. "ಚಾ ಮಾಡ್ತೇನಿ, ಕುಡದ ಹೋಗ್ರಿ."

ಸತ್ತೆಪ್ಪನಿಗೆ ಹುಕ್ಕೇರಿಯಲ್ಲಿ ತುರ್ತು ಕೆಲಸವಿತ್ತು.

ಮೂರು ವಾರ ಮುಗಿದವು. ಆಮ್ರಪಾಲಿ ಶಾಲೆಗೆ ಹೋದಳು. ಹೆಸರಿನ ತಾಟುಗಳು ಮತ್ತೆ ಹಲಗೆಯ ಮೇಲೆ ಬೆರೆತುಹೋದವು, ರಾಹುಲನ ತಾಟಿನಲ್ಲಿ ಪದ್ಮವ್ವ, ಪದ್ಮವ್ವನ ತಾಟಿನಲ್ಲಿ ಬೀಗರು ಉಂಡರು. ಸೊಸೆಯ ಕೈನಡುಕ ನಿಂತಿತು, ಮೈ ಹಿಡಿಯಿತು. ಎರಡು ತಿಂಗಳು ತಿಂಗಳದ್ದು ಹಿಂದೆ ಮುಂದೆಯಾಗಿ, ಮೂರನೆಯದರಲ್ಲಿ ಹೇಳಿದ ಮಾತಿಗೆ ಬರುವ ಮನುಷ್ಯರ ಹಾಗೆ ಸರಿಯಾಗಿ ಬಂತು. ಭರಮವ್ವನ ಮನೆಯ ಬಾಗಿಲು ಮಾತ್ರ ಇತ್ತ ತೆರೆಯಲಿಲ್ಲ.

ಅಷ್ಟರಲ್ಲಿ ಸುಂದ್ರವ್ವ ಹೊಸ ಸುದ್ದಿ ತಂದಳು. ಶೋಭಾ ಬಸುರಿ. ಈಗಲ್ಲ, ಆಗಲೇ ಐದು ತುಂಬಿ ಆರಕ್ಕೆ ಬಿದ್ದಿದೆಯಂತೆ. ಹುಡುಗಿಗೆ ಮೊದಲೇ ಲೆಕ್ಕ ಇರಲಿಲ್ಲ, ಹೊಟ್ಟೆ ಕಾಣಿಸಿದ ಮೇಲೆಯೇ ಡಾಕ್ಟರ ಹತ್ತಿರ ಹೋದದ್ದು.

ಸುಂದ್ರವ್ವ ಹೋದ ಮೇಲೆ ಆಮ್ರಪಾಲಿ ಬೆರಳು ಮಡಚಿ ಎಣಿಸಿದಳು. ಮತ್ತೆ ಎಣಿಸಿದಳು. "ಅತ್ತೀ, ಆವತ್ತ ಮಜ್ಜಿಗಿ ಕೇಳಾಕ ಬಂದಾಗ ಅಕಿಗಿ ಮೂರನೇದು ನಡದಿತ್ತು."

ಪದ್ಮವ್ವ ಕಟ್ಟೆಯ ಮೇಲೆ ಕೂತಳು. ಒಂದು ಗುಟುಕಿನಿಂದ ಏನಾಗುತ್ತಿತ್ತೋ, ಏನೂ ಆಗುತ್ತಿರಲಿಲ್ಲವೋ, ಅದನ್ನು ಡಾಕ್ಟರೂ ಹೇಳಲಾರಳು. ಆದರೆ ಪರೀಕ್ಷೆ ಮಾಡಿ ನೋಡುವ ಸಂಗತಿಯಲ್ಲ ಅದು.

"ನಾ ಕೊಡೂದರಾಗಿದ್ದೆ, ಆಮ್ರಪಾಲಿ," ಅಂದಳು. "ಗ್ಲಾಸ ಕೈಯಾಗ ತಗೊಂಡಿದ್ದೆ. ಭರಮವ್ವ ನಮ್ಮ ಮನಿದು ಕೇಳಿದ್ಲಲ್ಲ, ಆ ಹಿಗ್ಗಿಗಿ."

ಆಮ್ರಪಾಲಿ ಬಂದು ಅತ್ತೆಯ ಪಕ್ಕದಲ್ಲಿ ಮೈಗೆ ಮೈ ತಾಗಿಸಿ ಕೂತಳು. ಈಗ ಕೂರಬಹುದಿತ್ತು.

ಏಳನೆಯ ತಿಂಗಳಲ್ಲಿ ಶೋಭಾಳ ಕುಬಸಕ್ಕೆ ಭರಮವ್ವ ಓಣಿಯ ಎಲ್ಲರನ್ನೂ ಕರೆದಳು. ಸಂತೋಷ ದೊಡ್ಡದಾಗಿದ್ದರಿಂದ ಪದ್ಮವ್ವನ ಮನೆಗೂ ಒಂದು ಮಾತು ಹೇಳಿಕಳಿಸಿದಳು. ಅತ್ತೆ ಸೊಸೆ ಹೋದರು. ಶೋಭಾ ಹಸಿರು ಸೀರೆ, ಕೈ ತುಂಬ ಬಳೆಯಲ್ಲಿ ಗುಂಡಗೆ ಕೂತಿದ್ದಳು. ಊಟಕ್ಕೆ ಬಿಸಾಡುವ ಕಾಗದದ ತಾಟು. ಈ ಕಾಗದದ ತಾಟು ಬಂದಾಗಿನಿಂದ ಜಾತಿಗೆ ಬಹಳ ಅನುಕೂಲವಾಗಿದೆ. ಯಾರ ತಾಟನ್ನು ಯಾರು ತೊಳೆಯಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಉದಾರರಾಗಬಹುದು.

ಉಡಿ ತುಂಬಿ, ಹಾಡಿ ಆದ ಮೇಲೆ ಭರಮವ್ವನ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು. ಇಪ್ಪತ್ತು ಹೆಂಗಸರ ನಡುವೆ ಹೇಳಿದಳು. "ಯಾರ ಕೊಡಲಿಲ್ಲಂದ್ರೂ ದೇವರ ಕೊಟ್ಟ ನೋಡ್ರಿ. ಅವತ್ತ ಒಂದ ಗುಟುಕ ಕೇಳಿದ್ದಕ್ಕ ಮುಟ್ಟಬ್ಯಾಡ, ದೂರ ಸರಿ ಅನ್ನಿಸ್ಕೊಂಡ್ವಿ. ಔಷಧ ಬಚ್ಚಿಟ್ಟುಕೊಂಡವರ ಮಡ್ಲ ಇನ್ನೂ ಖಾಲಿ ಐತಿ."

ಹೆಂಗಸರೆಲ್ಲ ಪದ್ಮವ್ವನ ಕಡೆ ತಿರುಗಿದರು. ಆಮ್ರಪಾಲಿಯ ಮುಖ ಕೆಂಪಗಾಯಿತು. ಅವಳ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಅವತ್ತು ನಿಮ್ಮ ಸೊಸೆಯ ಹೊಟ್ಟೆಯಲ್ಲಿ ಕೂಸಿತ್ತು, ಆ ಮಜ್ಜಿಗೆಯಲ್ಲಿ ವಿಷದಂಥದು ಇತ್ತು, ಉಳಿಸಿದವರು ಇವರು. ಮೂರು ಮಾತು, ಮೂರೂ ಖರೆ. ಅವಳು ಬಾಯಿ ತೆರೆಯುವುದರೊಳಗೆ ಪದ್ಮವ್ವ ಅವಳ ಮೊಣಕೈ ಹಿಡಿದು ಅದುಮಿದಳು. ಪದ್ಮವ್ವ ಶೋಭಾಳನ್ನು ನೋಡುತ್ತಿದ್ದಳು. ಶೋಭಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಏನು ಮಾತು ಬರುತ್ತದೋ ಎಂದು ಕಣ್ಣರಳಿಸಿ ಕೂತಿದ್ದಳು.

"ಹೌದ್ರಿ ಭರಮವ್ವಾರ," ಅಂದಳು ಪದ್ಮವ್ವ. "ಅವತ್ತ ನಂದ ತಪ್ಪಾತು. ಹಂಗ ಅನಬಾರದಿತ್ತು. ಹೊಟ್ಟ್ಯಾಗ ಹಾಕ್ಕೋರಿ."

ಭರಮವ್ವ ಇದನ್ನು ಎಣಿಸಿರಲಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿದಳು. "ಇರಲಿ ಬಿಡ ಪದ್ಮವ್ವಾ. ಮನುಷ್ಯಾರಂದ ಮ್ಯಾಲ ತಪ್ಪ ಆಗೂದ. ಇನ್ನಮುಂದ ಯಾರಿಗೂ ಹಂಗ ಅನಬ್ಯಾಡ."

"ಅನ್ನೂದಿಲ್ರಿ," ಅಂದಳು ಪದ್ಮವ್ವ. ಸುತ್ತಲಿದ್ದವರು ತಲೆದೂಗಿದರು. ಶೋಭಾಳ ಮುಖ ಸಡಿಲಾಯಿತು, ಪಕ್ಕದವಳ ಜೊತೆ ಏನೋ ಮಾತಾಡಿ ನಕ್ಕಳು.

ಮನೆಗೆ ಬರುವ ದಾರಿ ಹತ್ತು ಹೆಜ್ಜೆಯದು, ಅಷ್ಟರೊಳಗೇ ಆಮ್ರಪಾಲಿಗೆ ಅಳು ಬಂದಿತ್ತು. ಸಿಟ್ಟಿನ ಅಳು.

"ಯಾಕ ತಪ್ಪಾತಂದ್ರಿ ಅತ್ತಿ? ಒಂದ ಮಾತ ಹೇಳಿದ್ರ ಅವರ ಬಾಯಿ ಮುಚ್ಚತಿತ್ತು."

"ಮುಚ್ಚತಿತ್ತು. ಆ ಹುಡುಗಿ ಹಡಿಯೂ ತನಕ ಕಣ್ಣ ಮುಚ್ಚತಿತ್ತೇನು? ಅವತ್ತ ಹತ್ತರ ಬಂದ ನಿಂತಿದ್ನೆಲ್ಲ, ಕೂಸಿಗೆ ಏನಾತೋ ಅಂತ ದಿನಾ ಸಾಯತಿತ್ತು."

"ಹಂಗಂತ ನೀವು ಅನಬೇಕಾ? ನೀವು? ಅವರ ಮುಂದ?"

ಪದ್ಮವ್ವ ಬಾಗಿಲ ಚಿಲಕ ತೆಗೆದಳು. ಒಳಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ತುಟಿಯಲ್ಲಿ ಹಳೆಯ ನಗೆಯೇ ಇತ್ತು.

"ನನ್ನ ಜಲ್ಮದಾಗ ಎಷ್ಟ ಮಂದಿ ನನಗ ದೂರ ಸರಿ ಅಂದ್ರು. ಒಬ್ಬರೂ ಆಮ್ಯಾಲ ಬಂದು ತಪ್ಪಾತವಾ ಅನ್ನಲಿಲ್ಲ. ಪಾಪ, ಅವರಿಗೆ ಅನ್ನಾಕ ಬರೂದಿಲ್ಲೋ ಏನೋ. ಹೆಂಗ ಅನಬೇಕಂತ ಯಾರರ ಒಬ್ಬರು ಅಂದ ತೋರಸಬೇಕಲ್ಲವಾ."